ಪೆನ್ ಇಲ್ಲದ ಫೋಟೊ

ಮಾರ್ಚ್ 3, ಬೆಳಿಗ್ಗೆ 7
ಇವತ್ತೂ ಸೊನ್ನೆ. ಗಣಿಯ ಕಸಮಣ್ಣಿನ ಗುಡ್ಡೆ, ಮೇಲಿಂದ ಲಾರಿಗಟ್ಟಲೆ ಸುರಿಯುತ್ತಲೇ ಇದ್ದಾರೆ, ಒಂದು ಕುಸಿತವೂ ಇಲ್ಲವಂತೆ! ಬುಡ ನೋಡಿದರೆ ಪೊರಕೆಯ ಗೆರೆ. ನಾನು ಅಳೆಯಲು ಬರುವ ಮುಂಚೆಯೇ ಹೊಸ ಮೇಸ್ತ್ರಿ ಗುಡಿಸಿ ಎತ್ತಿಸಿದ್ದಾನೆ.
"ಗಲೀಜು ಕಾಣ್ತಿತ್ತಲ್ಲಮ್ಮ, ಎತ್ತಿಸ್ಬಿಟ್ಟೆ."
ಮೈಯೆಲ್ಲ ಉರಿಯಿತು. ಜಾರಿ ಬಿದ್ದ ಆ ಗಲೀಜು ಎಣಿಸುವುದೇ ನನ್ನ ಕೆಲಸ ಕಣಯ್ಯಾ!
ಬುಡದಲ್ಲಿ ಮಣ್ಣು ತುಂಬುವ ಹಳದಿ ಲೋಡರ್ ಓಡಿಸುವ ನನ್ನ ಅಣ್ಣನಿಗೆ ನಗು. "ಮಣ್ಣು ಎಣಿಸೋಕೂ ಸಂಬಳ ಕೊಡ್ತಾರಾ?"

ಮಾರ್ಚ್ 9
ಈ ಮೇಸ್ತ್ರಿ ಬರುವ ಮುಂಚಿನ ಆರು ತಿಂಗಳ ಎಣಿಕೆಯನ್ನು ಲಾಗ್ ಗ್ರಾಫಿಗೆ, ಅಂದರೆ ಹಂತಹಂತಕ್ಕೂ ಹತ್ತು ಪಟ್ಟು ಏರುವ ಗ್ರಾಫಿಗೆ, ಹಾಕಿದೆ. ನೆಟ್ಟಗಿನ ಗೆರೆ. ಹತ್ತು ಪಟ್ಟು ದೊಡ್ಡ ಕುಸಿತ, ಹತ್ತು ಪಟ್ಟು ಅಪರೂಪ. ಅಪರೂಪ ಅಂದರೆ ಇಲ್ಲ ಅಂತಲ್ಲ... ಚಮಚದಷ್ಟು ಜಾರಿಸುವ ಗುಡ್ಡೆಯೇ ಮನೆಯಷ್ಟನ್ನೂ ಜಾರಿಸುತ್ತದೆ. ಯಾರೂ ತಳ್ಳಬೇಕಿಲ್ಲ. ಸುರಿಯುತ್ತಾ ಹೋದರೆ ತಾನಾಗಿಯೇ ಬೀಳುವ ಅಂಚಿಗೆ ಬಂದು ನಿಲ್ಲುತ್ತದೆ.
ಗಣಿಯ ಸಾಹೇಬರಿಗೆ ತೋರಿಸಿದೆ. ಬುಡದಲ್ಲಿ ಯಾರೂ ಕೆಲಸ ಮಾಡದಂತೆ ಖಾಲಿ ಮಾಡಿಸಿ ಎಂದೆ.
"ತಿಂಗಳಿಂದ ಒಂದೂ ಬಿದ್ದಿಲ್ಲ. ಸುಮ್ನೆ ಹೆದರಿಸ್ಬೇಡ."
ಬಿದ್ದದ್ದನ್ನೆಲ್ಲ ಗುಡಿಸಿದರೆ ಎಲ್ಲಿ ಕಾಣುತ್ತದೆ, ನನ್ನ ಕರ್ಮ!

ಮಾರ್ಚ್ 10
ಸಾಹೇಬರು ನನ್ನ ರಿಪೋರ್ಟಿನ ಫೋಟೊಗಳಿಂದ ಪೆನ್ ಕ್ರಾಪ್ ಮಾಡಿದ್ದಾರೆ! ನೀಟಾಗಿರಲಿ ಅಂತೆ. ಕುಸಿತದ ಪಕ್ಕ ನಾನು ಪೆನ್ ಇಡುವುದು ಶೋಕಿಗಲ್ಲ. ಗೇಣುದ್ದದ ಕುಸಿತಕ್ಕೂ ಮನೆಯಷ್ಟು ದೊಡ್ಡದಕ್ಕೂ ರೂಪ ಒಂದೇ — ಮೇಲೆ ಕಿತ್ತುಬಂದ ಒಂದು ಅಂಚು, ಕೆಳಗೆ ಚಾಚಿದ ಮಣ್ಣಿನ ಒಂದು ನಾಲಿಗೆ, ಅದರೊಳಗೆ ಮತ್ತದೇ ಪುಟ್ಟ ಅಂಚು, ನಾಲಿಗೆ. ಪಕ್ಕದಲ್ಲಿ ಗೊತ್ತಿರುವ ವಸ್ತು ಇಲ್ಲದಿದ್ದರೆ ಎಷ್ಟು ದೊಡ್ಡದೆಂದು ನನಗೂ ಹೇಳಲಾಗದು.
ಅಣ್ಣನಿಗೆ ರಜೆ ಹಾಕು ಎಂದೆ. "ನಿನ್ನ ಗೆರೆಗೆ ಹೆದ್ರಿ ಮನೇಲಿ ಕೂತ್ಕೊಳ್ಲಾ? ಹೋಗೇ."
ಬಾಯಿಗೆ ಬಂದಂತೆ ಬೈದೆ. ಮಾತು ಬಿಟ್ಟೆ.

ಮಾರ್ಚ್ 17, ಮಧ್ಯಾಹ್ನ 12
ಪಟ್ಟಣದ ಆಫೀಸಿನಲ್ಲಿ ಕೂರಿಸಿದ್ದಾರೆ. ಗ್ರಾಫಿನಲ್ಲಿ ದೊಡ್ಡ ಕುಸಿತ ತೋರಿಸುವ ಗೆರೆಯ ಬಾಲ ಕತ್ತರಿಸಬೇಕಂತೆ, ಮೇಲಿನವರು ಗಾಬರಿಯಾಗುತ್ತಾರಂತೆ. ಬೇಕಾದರೆ ನನ್ನ ಕೈ ಕತ್ತರಿಸಲಿ.

12.40
ಮೇಸ್ತ್ರಿ ಕಳಿಸಿದ ಫೋಟೊ. ಸಾಹೇಬರು ಪಕ್ಕದ ರೂಮಿನಿಂದ ಫಾರ್ವರ್ಡ್ ಮಾಡಿದ್ದಾರೆ: "ಸಣ್ಣದು. ಲೆಕ್ಕಕ್ಕೆ ಬೇಡ." ಅಂಚು, ನಾಲಿಗೆ. ಮೂಲೆಯಲ್ಲಿ ಹಳದಿ ಚುಕ್ಕೆ. ಸದ್ಯ, ಆ ಮೇಸ್ತ್ರಿ ಕೊನೆಗೂ ಪೆನ್ನಿನ ಮುಚ್ಚಳ ಇಡುವುದನ್ನಾದರೂ ಕಲಿತ!
ಮುಚ್ಚಳಕ್ಕೆ ಕಿಟಕಿ ಯಾಕೆ?
ದೊಡ್ಡದು ಮಾಡಿ ನೋಡಿದೆ. ಲೋಡರ್. ಮೇಲಿನ ಅರ್ಧ ಮಾತ್ರ.
ಅಣ್ಣನ ಫೋನ್ ರಿಂಗ್ ಆಗುತ್ತಿದೆ. ಎತ್ತೋ. ಎತ್ತೋ ಅಣ್ಣಾ, ಮಾತು ಬಿಟ್ಟಿದ್ದು ನಾನಲ್ವಾ, ನೀನು ಎತ್ತು, ನೀನು