ನಾಲ್ಕು ಪೆಸೊಗೆ ಕತ್ತರಿ ಬಿದ್ದ ನಮ್ಮ ಓಣಿಯ ಇಂಟರ್ನೆಟ್

ಸಂಪರ್ಕ ಕಚೇರಿಯ ಮುಖ್ಯಾಧಿಕಾರಿಗಳೇ,

ಫಿಲಿಪ್ಪೀನ್ಸ್ ದೇಶಕ್ಕೆ ಇಂಟರ್ನೆಟ್ ತಂದವನೇ ನಾನು. ಅಂಥವನ ಮನೆಯ ತಂತಿಯನ್ನು ತಮ್ಮ ಕಚೇರಿ ಕಳೆದ ಮಂಗಳವಾರ ಕತ್ತರಿಸಿ, ರೂಟರು, ನಾಣ್ಯದ ಡಬ್ಬಿ ಎರಡನ್ನೂ ಹೊತ್ತೊಯ್ದಿದೆ. ಒಬ್ಬನ ಹೆಸರಿನ ಸಂಪರ್ಕವನ್ನು ಓಣಿಗೆಲ್ಲ ಹಂಚುವುದು ಅಕ್ರಮವಂತೆ!

ಹಂಚಿದ್ದು ನಿಜ. ಮನೆಯ ತಂತಿಯನ್ನು ಹಳೇ ಕಂಪ್ಯೂಟರಿಗೆ ಸಿಕ್ಕಿಸಿ, ಅಲ್ಲಿಂದ ಕಿಟಕಿಯ ರೂಟರಿಗೆ ಕೊಟ್ಟಿದ್ದೆ. ಡಬ್ಬಿಗೆ ಒಂದು ಪೆಸೊ ಹಾಕಿದರೆ ಹತ್ತು ನಿಮಿಷ. ಮೊಬೈಲ್ ಸಿಗ್ನಲ್ ಗುಡ್ಡದಾಚೆಯೇ ನಿಲ್ಲುವ, ತಿಂಗಳ ಬಿಲ್ಲು ಕಟ್ಟಲಾಗದ ಮೀನುಗಾರರ ಓಣಿಗೆ ಬೇರೆ ದಾರಿ ಯಾವುದಿತ್ತು? ನಮ್ಮ ಅರ್ಜಿಗಳನ್ನು ತಮ್ಮ ಕಚೇರಿಯಲ್ಲಿ ಗೆದ್ದಲು ಬಿಟ್ಟು ಬೇರೆ ಯಾರಾದರೂ ಮುಟ್ಟಿದ್ದುಂಟೇ?

ಇನ್ನು ತಮ್ಮ ಇನ್ಸ್‌ಪೆಕ್ಟರ ಕಾನೂನುಪ್ರೇಮ. ಅವರು ಬಂದದ್ದು ತಪಾಸಣೆಗಲ್ಲ. ಗಿರಾಕಿಯಾಗಿ, ನನ್ನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಕೋಳಿಕಾಳಗ ನೋಡಲು. ಹೊಸ ಐದರ ನಾಣ್ಯ ಒಂದರ ಹಾಗೆಯೇ ಕಾಣುವುದರಿಂದ ದೇಶವೆಲ್ಲ ಮೋಸಹೋಗುತ್ತದೆ; ಅವರೂ ಐದನ್ನೇ ಹಾಕಿದರು. ನನ್ನ ಡಬ್ಬಿಗೆ ಯಾವ ನಾಣ್ಯವಾದರೂ ಒಂದೇ. ಹತ್ತು ನಿಮಿಷಕ್ಕೆ, ಸರಿಯಾಗಿ ಕೋಳಿ ಎಗರುವ ಹೊತ್ತಿಗೆ, ಆಟ ನಿಂತಿತು.

"ಏನ್ ಮಾಮ, ಐದು ಹಾಕಿದೀನಿ. ನಾಲ್ಕು ವಾಪಸ್ ಕೊಡಿ."

"ಡಬ್ಬೀಗೆ ಬಿದ್ದಿದ್ದು ಡಬ್ಬೀದೇ ಕಣಪ್ಪ. ಚರ್ಚ್ ಹುಂಡಿಗೆ ಹಾಕಿ ಚಿಲ್ರೆ ಕೇಳ್ತೀಯಾ?"

"ನಾನ್ಯಾರು ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು? ಸೋಲೋ ಕೋಳಿ ಮೇಲೆ ದುಡ್ಡು ಕಟ್ಟಿದೋನು!"

ಓಣಿಯೆಲ್ಲ ನಕ್ಕಿತು. ಆಗ ಹೊರಬಂತು ಗುರುತಿನ ಚೀಟಿ. ಕೋಳಿ ನೋಡುವಷ್ಟು ಹೊತ್ತು ಆ ಕಾನೂನು ಯಾರ ಜೇಬಿನಲ್ಲಿ ಮಲಗಿತ್ತು, ಮಾನ್ಯರೇ?

ಶಿಕ್ಷೆ ನನಗೊಬ್ಬನಿಗೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಪಕ್ಕದ ಮನೆಯ ನೆನಿತಾಳ ಗಂಡ ಆರ್ನೆಲ್ ಸರಕು ಹಡಗಿನಲ್ಲಿ ದುಡಿಯುತ್ತಾನೆ. ಹುಟ್ಟಿದ ಮಗನ ಮುಖ ಇನ್ನೂ ನೋಡಿಲ್ಲ. ಈ ಭಾನುವಾರ ಹಡಗು ಯಾವುದೋ ದೂರದೇಶದ ಬಂದರು ಮುಟ್ಟುತ್ತದೆ; ಒಂದು ಮಧ್ಯಾಹ್ನದ ಮಟ್ಟಿಗೆ ಅವನಿಗೆ ವಿಡಿಯೊ ಕರೆ ಸಿಗುತ್ತದೆ. ಮಗುವಿಗೆ ಹೊಸ ಅಂಗಿ ಹೊಲಿದಿಟ್ಟಿರುವ ಅವಳು ಕೇಳಿದಳು: "ಮಾಮ, ಆ ನಾಲ್ಕು ಪೆಸೊ ಇನ್ಸ್‌ಪೆಕ್ಟರ ಮುಖಕ್ಕೆ ಎಸೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಕೇಳಿಸಿಕೊಂಡವನೇ ಈ ಪತ್ರ ಬರೆಯಲು ಕೂತೆ.

ಆದ್ದರಿಂದ ಭಾನುವಾರ ಬೆಳಿಗ್ಗೆಯೊಳಗೆ ತಂತಿ ಕೂಡಬೇಕು, ರೂಟರು ನನ್ನ ಕಿಟಕಿಗೆ ಮರಳಬೇಕು. ಸೋಮವಾರ ಬೇಕಾದರೆ ನನ್ನನ್ನೇ ಹೊತ್ತೊಯ್ಯಿರಿ. ತಂತಿ ಕತ್ತರಿಸಿದ ದಿನವೇ ತಮಗೆ ಕೊಟ್ಟ ದೂರಿನಲ್ಲಿ ಲಕ್ಷ ಪೆಸೊ ನಷ್ಟವೆಂದು ಬರೆಸಿದ್ದೆ, ಅದನ್ನು ಹೊಡೆದುಹಾಕಿ. ಡಬ್ಬಿಯಲ್ಲಿದ್ದದ್ದು ಮೂವತ್ತೇಳು. ಅದರಲ್ಲಿ ತಮ್ಮ ಇನ್ಸ್‌ಪೆಕ್ಟರು ನಾಲ್ಕಲ್ಲ, ಐದನ್ನೂ ಇಟ್ಟುಕೊಳ್ಳಲಿ.

ಇಂತಿ,
ಮೂವತ್ತೆರಡು ಪೆಸೊಗೆ ಮುಳುಗಿಹೋದ
ಬುರ್ಸಿಯೊ ಮಾಮ