ಬೆಂಕಿಬೆಟ್ಟದ ತಲೆಗೆ ಕಟ್ಟಿದ ಕೆಸರು

ಕೆಂಜೆರಾನ್ ದಂಡೆಯ ಮಹಾಜನರೇ, ಬಲೆ ಹೊಲಿಯುವ ಅಣ್ಣಂದಿರೇ, ಚಿಪ್ಪು ಸುಲಿಯುವ ತಾಯಂದಿರೇ, ಕೇಳುವಂಥವರಾಗಿ! ಅಕ್ಕಾ, ಇದನ್ನು ಒಲೆ ಮುಂದೆ ಪಿಸುಗುಡಬೇಡ, ದೋಣಿ ಹತ್ತಿ ನಿಂತು ಓದು.

ನಮ್ಮ ಕಡಲತಳದ ಕೆಸರನ್ನು ಕೊಳವೆಯಲ್ಲಿ ಹೊತ್ತು ಬಾಂಡುಂಗ್ ಪ್ರಯೋಗಾಲಯಕ್ಕೆ ಬಂದೆನಲ್ಲ, ಕಾರ್ಖಾನೆಯ ಹೊಗೆಯ ಕಬ್ಬಿಣ ಬೆರೆತಿದೆಯೇ ಎಂದು ಇಂದು ಅದರ ಕಾಂತಗುಣ ಅಳೆದರು. ಕೊಳವೆ ಹಿಡಿದವನು ನಾನೇ. ಯಂತ್ರದ ಅಂಕೆ ಹುಚ್ಚು ಕುದುರೆಯಂತೆ ನೆಗೆಯಿತು. ನಮ್ಮ ದಂಡೆಯ ಆ ಸೀಸ ಕರಗಿಸುವ ಕಾರ್ಖಾನೆಯ ಕಡೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ: "ಚಾಕ್, ಅಣ್ಣಾ, ವಿಷ ಕಡಲಲ್ಲಿಲ್ಲ, ನಿಮ್ಮ ಸೊಂಟದಲ್ಲಿದೆ!" ದೆವ್ವ ಮುಟ್ಟದಿರಲೆಂದು ನೀನು ಕಟ್ಟಿದ್ದ ಕಬ್ಬಿಣದ ಮೊಳೆ! ಬಿಚ್ಚಿ ಹೊರಗಿಟ್ಟು ಬಂದೆ. "ಈಗ ಅಳೀರಿ!" ಎಂದೆ.

ಅಂಕೆ ಇಳಿಯಿತು. ಆದರೂ ತಳದ ಹಳೆಯ ಕೆಸರಿಗಿಂತ ಮೇಲಿನ ಹೊಸ ಕೆಸರಿನ ಅಂಕೆ ಎಷ್ಟೋ ಪಾಲು ಹೆಚ್ಚು. "ಅದು ಬೆಂಕಿಬೆಟ್ಟದ ಕಬ್ಬಿಣ ಕಣ್ರೀ," ಎಂದ ಅವನು. ಹಾಗೆಂದು ತೀರ್ಮಾನವಾದರೆ ಅವರ ಕುಲುಮೆ ಉರಿಯುತ್ತಲೇ ಇರುತ್ತದೆ, ನಮ್ಮ ಚಿಪ್ಪು ವಿಷವಾಗುತ್ತಲೇ ಇರುತ್ತದೆ. ಆಗ ವಿಜ್ಞಾನಿ ಬು ನೆಂಗ್ಸಿಹ್ ಸೂಕ್ಷ್ಮದರ್ಶಕವನ್ನು ಅವನತ್ತ ತಿರುಗಿಸಿದರು: "ಬೆಟ್ಟದ ಕಣಕ್ಕೆ ಮೂಲೆ ಇರತ್ತಪ್ಪಾ. ಇವು ನೋಡು, ಗೋಲಿ ಹಂಗೆ ದುಂಡಗಿವೆ. ಕುಲುಮೆ ಹೊಗೇಲಿ ಹುಟ್ಟಿದ್ದು. ಇವು ಹೆಚ್ಚಿರೋ ಕಡೆಯೆಲ್ಲ ಸೀಸಾನೂ ಹೆಚ್ಚಿದೆ, ಅದನ್ನೂ ಅಳೆದಿದ್ದೀವಿ." ಅವನ ನಗುವಿಗೆ ಅಲ್ಲೇ ಪರದೆ ಬಿತ್ತು.

ಇಲ್ಲಿಯ ಚಳಿಗೆ ಮೊಣಕಾಲು ಹಿಡಿದಿದೆ, ಗಂಟಲು ಮಾತ್ರ ಗಟ್ಟಿ. ನಾಳೆ ಬೆಳಿಗ್ಗೆ ಕಾರ್ಖಾನೆಯ ಮೇಲಿನ ವಿಚಾರಣೆಯ ಸಭೆಯಲ್ಲಿ ಮೈಕು ಪಕ್ಕಕ್ಕೆ ಸರಿಸಿ, ಅಪ್ಪನ ನಾಟಕದ ಕಂಠದಲ್ಲೇ ಆ ದುಂಡು ಕಣಗಳ ಕಥೆ ಹೇಳುತ್ತೇನೆ. ನಿನ್ನ ಮೊಳೆಯನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡೇ ಹೋಗುತ್ತೇನೆ!

ನಿನ್ನ ತಮ್ಮ,
ದುಲ್ಕಾರಿ