ತಿದ್ದಿದ ಮಾತು

ಆಗಸ್ಟ್ 4, ಸೋಮವಾರ — ರಾಯಚೂರು

ಮತ್ತೆ ಫೋಟೋ. ಸ್ಟುಡಿಯೋದವ ಮುಖ ಬೆಳ್ಳಗೆ ಮಾಡಿ ಕೊಟ್ಟಿದ್ದ. ವೀಸಾಕ್ಕೆ ಇದು ನಡೆಯುವುದಿಲ್ಲ ಅಂದೆ. “ಫಾರಿನ್‌ಗೆ ಹೊಂಟೀರಿ ಮೇಡಂ, ಚಂದ ಕಾಣಬೇಕಲ್ರೀ” ಅಂದ. ನನ್ನ ಬಣ್ಣ ನನಗೆ ವಾಪಸ್ ಕೊಡು ಅಂತ ಜಗಳ ಆಡಿ ತೆಗೆಸಿಕೊಂಡು ಬಂದೆ.

ಪ್ರಾಗ್‌ನಲ್ಲಿ ಡೆವಲಪರ್ ಕಾನ್ಫರೆನ್ಸ್, ಸೆಪ್ಟೆಂಬರ್ ಕೊನೆಯ ವಾರ. ನನ್ನ ಟಾಕ್ ಆಯ್ಕೆಯಾಗಿದೆ. ಓದು ಬರಹ ಬಾರದವರ ಮಾತನ್ನು ಅಕ್ಷರ ಮಾಡಿ ಕಳಿಸುವ ನಮ್ಮ ಆ್ಯಪ್ ಬಗ್ಗೆ. ಧ್ವನಿಗಳನ್ನು ದೇವದುರ್ಗ, ಮಾನ್ವಿಯಲ್ಲಿ ಮನೆ ಮನೆ ತಿರುಗಿ ನಾನೇ ರೆಕಾರ್ಡ್ ಮಾಡಿದ್ದೆ. ಮೊದಲನೆಯದು ಅವ್ವನದು. ದೇವದುರ್ಗದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತ, ಸೌಟು ಕೈಯಲ್ಲಿ ಹಿಡಿದೇ ಮಾತಾಡಿದ್ದಳು.

ಅವಳ ಕಣ್ಣಿನ ಆಪರೇಷನ್ನೂ ಅದೇ ವಾರ. ಪೊರೆ ಬಲಿತಿದೆ, ಮುಂದೆ ಹಾಕುವಂತಿಲ್ಲ. ಹೋಗಲೋ ಬೇಡವೋ ನೀನೇ ಹೇಳು ಅಂದೆ. “ತಡಿ, ವಿಚಾರ ಮಾಡಿ ಹೇಳ್ತೀನಿ” ಅಂದಳು.

ಆಗಸ್ಟ್ 7, ಗುರುವಾರ

ಕೃಷ್ಣ ನನ್ನ ಟೀಮ್ ಲೀಡ್. ಬೆಂಗಳೂರಿನಲ್ಲಿ ಕೂತಿದ್ದಾನೆ. ನನ್ನನ್ನು ಕೇಳದೆ ಆ್ಯಪ್ ಅಪ್‌ಡೇಟ್ ಮಾಡಿದ್ದಾನೆ. ಈಗ ‘ಮನಿ’ ಅಂದರೆ ‘ಮನೆ’ ಬರುತ್ತದೆ. ‘ಅದ’ ಅಂದರೆ ‘ಇದೆ’. ‘ಬ್ಯಾಡ’ ಅಂದರೆ ‘ಬೇಡ’.

“ಡೇಟಾ ಕ್ಲೀನ್ ಮಾಡ್ದೆ ದುರ್ಗಾ.”

“ಕ್ಲೀನ್ ಮಾಡಾಕ ಅದೇನು ಕೊಳಿ ಹತ್ತಿತ್ತೇನು? ನಮ್ಮವ್ವ ಮಾತಾಡೋದೇ ಹಂಗ.”

“ಸ್ಟೇಜ್ ಮೇಲೆ ತಪ್ಪು ಕನ್ನಡ ಕಂಡ್ರೆ ನಮ್ಮ ಮರ್ಯಾದೆ ಏನಾಗ್ಬೇಕು?”

ಪ್ರಾಗ್‌ನಲ್ಲಿ ಕನ್ನಡದ ತಪ್ಪು ಹಿಡಿಯುವವರು ಯಾರು? ಕೇಳಿದೆ. ಮೀಟಿಂಗ್ ಇದೆಯಂತೆ.

ಆಗಸ್ಟ್ 12, ಮಂಗಳವಾರ — ಹೈದರಾಬಾದ್

ವೀಸಾ ಕೇಂದ್ರ. ಫೋನ್ ಹೊರಗಿನ ಲಾಕರ್‌ನಲ್ಲಿ ಇಡಿಸಿಕೊಂಡರು. ಬೆರಳಚ್ಚು ಕೊಟ್ಟೆ, ಪಾಸ್‌ಪೋರ್ಟ್ ಕೊಟ್ಟೆ. ಕೌಂಟರ್‌ನ ಹುಡುಗಿ ಆಲ್ ದ ಬೆಸ್ಟ್ ಅಂದಳು. ಖುಷಿಯಲ್ಲೇ ಹೊರಗೆ ಬಂದೆ. ಫೋನ್ ತೆಗೆದರೆ ಅವ್ವನ ಮೆಸೇಜ್, ನಮ್ಮ ಆ್ಯಪ್‌ನಿಂದಲೇ.

“ನೀನು ಹೋಗಬೇಡ.”

ಅಷ್ಟೇ. ಕಾರಣ ಇಲ್ಲ, ಸಮಾಧಾನ ಇಲ್ಲ. ಇಷ್ಟು ದಿನ ವಿಚಾರ ಮಾಡಿ ಇದನ್ನು ಹೇಳಿದಳೇ? ಇಡೀ ದಾರಿ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವ್ವ ಫೋನ್ ಮಾಡಿದಳು. ಕಟ್ ಮಾಡಿದೆ.

ಆಗಸ್ಟ್ 13, ಬುಧವಾರ

ಮಾನ್ವಿಗೆ, ಅಣ್ಣನಿಗೆ ಫೋನ್. ಹೈಸ್ಕೂಲು ಮಾಸ್ತರ, ಊರಿಗೆಲ್ಲ ಕಿರಣಕುಮಾರ ಸರ್. ಆ ಒಂದು ವಾರ ರಜೆ ಹಾಕಿ ಅವ್ವನನ್ನು ನೋಡಿಕೊ ಅಂದೆ.

“ಅವ್ವ ಏನಂದ್ಳು?”

“ಹೋಗಬ್ಯಾಡ ಅಂದಾಳ.”

“ಮತ್ತ? ಮುಗೀತಲ್ಲ. ನಾ ಮೊದ್ಲ ಹೇಳಿದ್ದೆ. ಇಂಥಾ ಹೊತ್ತಿನ್ಯಾಗ ಹೆಣ್ಮಗಳು ಹತ್ರ ಇದ್ರ ಚಲೋ. ಕಣ್ಣಿಗೆ ಡ್ರಾಪ್ಸ್ ಹಾಕೋದು ಅದೂ ಇದೂ...”

“ಡ್ರಾಪ್ಸ್ ಹಾಕಾಕ ಹೆಣ್ಮಗಳೇ ಬೇಕಾ? ಬಾಟಲಿ ಮ್ಯಾಲೆ ಬರದಾರೇನು?”

ಫೋನ್ ಇಟ್ಟ. ನನ್ನ ಕೈಯಲ್ಲಿದ್ದದ್ದನ್ನು ಗೋಡೆಗೆ ಎಸೆಯುವುದಿತ್ತು. ಎಸೆಯಲಿಲ್ಲ, ಆಫೀಸಿನ ಫೋನ್.

ಆಗಸ್ಟ್ 16, ಶನಿವಾರ

ಸಿಟ್ಟಿನಲ್ಲೇ ಕೃಷ್ಣನಿಗೆ ಹೇಳಿಬಿಟ್ಟೆ, ನಾನು ಹೋಗುವುದಿಲ್ಲ ಅಂತ. ಅಯ್ಯೋ ಅಂತಲೂ ಅನ್ನಲಿಲ್ಲ. “ಪರವಾಗಿಲ್ಲ, ಆರ್ಗನೈಸರ್ಸ್‌ಗೆ ನಾನೇ ಮೇಲ್ ಹಾಕ್ತೀನಿ. ನಾನು ಹೋಗ್ತೀನಿ. ಸ್ಲೈಡ್ಸ್ ಕಳ್ಸಿ.” ಅವನ ವೀಸಾ ಮೊದಲೇ ಇದೆಯಂತೆ.

ಸ್ಲೈಡ್ ಕಳಿಸಿಲ್ಲ. ಅವ್ವನ ಫೋನ್ ಬರುತ್ತಲೇ ಇದೆ. ಎತ್ತುತ್ತಿಲ್ಲ.

ಆಗಸ್ಟ್ 24, ಭಾನುವಾರ — ದೇವದುರ್ಗ

ಮುಖಾಮುಖಿ ಕೇಳಿಯೇ ಬಿಡೋಣ ಅಂತ ಹೊರಟೆ. ಬಾಗಿಲಲ್ಲೇ ಹಿಡಿದಳು.

“ಬಂದೇನವ್ವಾ ದೊಡ್ಡಾಕಿ! ಫೋನ್ ಯಾಕ ಎತ್ತವಲ್ಲಿ? ಓಣಿಗೆಲ್ಲಾ ಹೇಳೀನಿ, ನನ್ನ ಮಗಳು ವಿಮಾನದಾಗ ಹೊಂಟಾಳ ಅಂತ.”

“ನೀನೇ ಬ್ಯಾಡ ಅಂದೆಲ್ಲ!”

“ಯಾರು? ನಾನಾ? ಬ್ಯಾಡಾಗಿದ್ರ ಎದುರಿಗೆ ನಿಂತು ಬೈತಿದ್ದೆ. ನಿನ್ನ ಮಿಷನ್ನಿನ್ಯಾಗ ಯಾಕ ಹೇಳ್ಲಿ?”

ಮೆಸೇಜ್ ತೋರಿಸಿದೆ. ಕಣ್ಣು ಮಂಜು, ಕಂಡರೂ ಓದಲು ಬಾರದು. ಸಿಟ್ಟಿಗೆ ತನ್ನ ಫೋನ್ ತೆಗೆದು, ಮೈಕ್ ಒತ್ತಿ, ನನ್ನನ್ನೇ ನೋಡುತ್ತ ಅಂದಳು: “ಒಳಗ ಬಾ ಬೇ. ಊಟಾ ಮಾಡು ಬೇ.”

ಪರದೆಯ ಮೇಲೆ ಮೂಡಿತು: “ಒಳಗೆ ಬರಬೇಡ. ಊಟ ಮಾಡಬೇಡ.”

ಅಲ್ಲೇ ಹೊಸ್ತಿಲ ಮೇಲೆ ಕೂತೆ. ಅವ್ವನ ಬಾಯಲ್ಲಿ ಪ್ರತಿ ಮಾತಿಗೂ ಸಲಿಗೆಯ ಒಂದು ‘ಬೇ’, ಬೆಂಗಳೂರಿನವರು ‘ಕಣೇ’ ಅಂದ ಹಾಗೆ. ನನಗೂ ಬೇ, ಪಕ್ಕದ ಮನೆಯ ವಾಹಿದಾಗೂ ಬೇ. ಅದನ್ನು ಕೃಷ್ಣನ ಅಪ್‌ಡೇಟು ಅರ್ಧಕ್ಕೆ ನಿಂತ ‘ಬೇಡ’ ಅಂತ ತಿಳಿದು ಪೂರ್ತಿ ಮಾಡಿದೆ.

“ಅವತ್ತು ಏನಂದಿದ್ದೆ ಅವ್ವಾ?”

“ಇನ್ನೇನಂತೀನಿ? ‘ನೀ ಹೋಗಬೇ’ ಅಂದಿದ್ದೆ. ಕಣ್ಣು ಕಿರಣ ನೋಡ್ಕೊಂತಾನ. ಅವನನ್ನೂ ನಾನೇ ಹಡದೀನಿ.”

ಆಗಸ್ಟ್ 25, ಸೋಮವಾರ

ಕೃಷ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಕ್ಕ! “ಸೋ ಫನ್ನಿ. ಸಣ್ಣ ಬಗ್, ಫಿಕ್ಸ್ ಮಾಡೋಣ. ಆದ್ರೆ ಟಾಕ್ ಈಗ ನನ್ನ ಹೆಸರಿಗಾಗಿದೆ.”

ಈ ಆ್ಯಪ್ ಬಳಸುವ ಎಷ್ಟು ಹೆಂಗಸರು ಮಗಳಿಗೆ ಬಾ ಬೇ ಅಂದರೋ. ಎಷ್ಟು ಹೆಣ್ಣುಮಕ್ಕಳು ಬರಬೇಡ ಅಂತ ಓದಿಕೊಂಡು ತವರಿಗೆ ಹೋಗದೆ ಕೂತರೋ. ಅದನ್ನೇ ಕೇಳಿದೆ. ಅವನ ಅಪ್‌ಡೇಟನ್ನು ನಾನೇ ವಾಪಸ್ ತೆಗೆದೆ. ಅನುಮತಿ ಕೇಳಲಿಲ್ಲ, ಅವನೂ ಕೇಳಿರಲಿಲ್ಲ.

ಆರ್ಗನೈಸರ್‌ಗಳಿಗೆ ನೇರ ಬರೆದೆ: ನನ್ನ ಹೆಸರು ತೆಗೆಯಲು ನಾನು ನಿಮಗೆ ಹೇಳಿಲ್ಲ. ಅವ್ವನ ರೆಕಾರ್ಡಿಂಗ್, ಆ್ಯಪ್ ಬರೆದದ್ದು, ಎರಡರ ಅರ್ಥ — ಮೂರನ್ನೂ ಕಳಿಸಿದೆ.

ಆಗಸ್ಟ್ 29, ಶುಕ್ರವಾರ

ಉತ್ತರ ಬಂತು. ನಾವು ಆರಿಸಿದ್ದು ನಿಮ್ಮ ಟಾಕ್, ನೀವೇ ಬನ್ನಿ. ಈ ತಪ್ಪಿನಿಂದಲೇ ಶುರು ಮಾಡಬಹುದೇ?

ಕೃಷ್ಣನ ಮೇಲ್ ಬೇರೆ. “ಟೀಮ್ ಇಮೇಜ್” ಅಂತೆ. ತಿದ್ದಿದ್ದು ಯಾರೆಂದು ಹೇಳಬಾರದಂತೆ. ಅವನ ಹೆಸರು ಹೇಳುವುದಿಲ್ಲ. ಅವ್ವನ ಹೆಸರು ಹೇಳುತ್ತೇನೆ. ಗೋಪಮ್ಮ.

ಸೆಪ್ಟೆಂಬರ್ 11, ಗುರುವಾರ — ರಾಯಚೂರು

ಪಾಸ್‌ಪೋರ್ಟ್ ಬಂತು. ವೀಸಾ ಇದೆ. ಫೋಟೋದಲ್ಲಿ ನನ್ನದೇ ಬಣ್ಣ.

ಅಣ್ಣ ಬೆಳಿಗ್ಗೆ ಫೋನ್ ಮಾಡಿದ್ದ. ರಜೆ ಹಾಕಿದ್ದಾನೆ. “ಡ್ರಾಪ್ಸ್ ಎಷ್ಟು ಹನಿ ಹಾಕ್ಬೇಕು?” ಅಂದ. ಬಾಟಲಿ ನೋಡು ಅಂದೆ. ನನ್ನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ, ಸ್ಟೇಜ್ ಮೇಲೆ ಬೇಕು.

ಮೊದಲ ಸ್ಲೈಡ್‌ನಲ್ಲಿ ಅಕ್ಷರವೇ ಇಲ್ಲ. ಅವ್ವನ ಧ್ವನಿ ಮಾತ್ರ. ಸೌಟಿನ ಸದ್ದನ್ನೂ ತೆಗೆದಿಲ್ಲ. ಎರಡನೆಯದರಲ್ಲಿ—

ಅವ್ವನ ಫೋನ್ ಬಂತು. ಈ ಸಲ ಎತ್ತುತ್ತೇನೆ.